ಡ್ರಿಲ್ಲಿನ ಚಕ್ಕೂ ನನ್ನ ಹಲ್ಲೂ

ಶೆಲ್ಫನ್ನು ಗೋಡೆಗೆ ಏರಿಸುವುದು ಹತ್ತು ನಿಮಿಷದ ಕೆಲಸ ಎಂದು ನಾನು ಎರಡು ತಿಂಗಳಿಂದ ಹೇಳುತ್ತ ಬಂದಿದ್ದೆ. ಹತ್ತು ನಿಮಿಷದ ಕೆಲಸಕ್ಕಿರುವ ದೊಡ್ಡ ದೋಷವೆಂದರೆ ಅದನ್ನು ಯಾವಾಗ ಬೇಕಾದರೂ ಮಾಡಬಹುದು. ಯಾವಾಗ ಬೇಕಾದರೂ ಮಾಡಬಹುದಾದ ಕೆಲಸವನ್ನು ಈಗಲೇ ಮಾಡಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹೀಗಾಗಿ ಆ ಶೆಲ್ಫು ಮಲಗುವ ಕೋಣೆಯ ಬಾಗಿಲ ಹಿಂದೆ, ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿತ್ತು.

ಅಂಗಡಿಯಿಂದ ತಂದ ಶೆಲ್ಫಾಗಿದ್ದರೆ ಚಿಂತೆಯಿರಲಿಲ್ಲ. ಅದನ್ನು ಮಾಡಿದವರು ನನ್ನ ಮಾವ. ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಮರ ತಂದು, ತಾವೇ ಕೊಯ್ದು, ಉಜ್ಜಿ, ಮೂರು ಸಲ ವಾರ್ನಿಷ್ ಹೊಡೆದು ಮಗಳಿಗೆಂದು ಕೊಟ್ಟಿದ್ದರು. ಕೊಡುವಾಗ ನನ್ನ ಕಡೆ ನೋಡಿ, "ಗೋಡೆಗೆ ನಾನೇ ಬಂದು ಹಾಕ್ಲಾ ಅಳಿಯಂದ್ರೇ?" ಎಂದು ಕೇಳಿದರು. ಅದರಲ್ಲಿ ಅಡಗಿದ್ದ ಸಂಶಯ ನನಗೆ ಚುರುಕ್ ಅಂದಿತು. "ಛೇ ಛೇ, ಹತ್ತು ನಿಮಿಷದ ಕೆಲಸ ಮಾವ" ಎಂದುಬಿಟ್ಟೆ. ಕಚೇರಿಯಲ್ಲಿ ನನ್ನ ಕೈಗೆ ಸಿಗುವ ಅತಿ ದೊಡ್ಡ ಯಂತ್ರವೆಂದರೆ ಸ್ಟೇಪ್ಲರ್ ಎಂಬುದು ಅವರಿಗೂ ಗೊತ್ತಿತ್ತು.

ಡ್ರಿಲ್ ಬೇಕಲ್ಲ ಎಂದು ಮರುವಾರ ಅವರಿಗೇ ಫೋನ್ ಮಾಡಿದೆ. ಅವರ ಡ್ರಿಲ್ಲಿನ ಕೀರ್ತಿಯನ್ನು ಮದುವೆಯಾದಂದಿನಿಂದ ಕೇಳುತ್ತಿದ್ದೆ. ಇಪ್ಪತ್ತೆರಡು ವರ್ಷದ್ದು, ದಿನಾ ಎಣ್ಣೆ ಕುಡಿಯುತ್ತದೆ, ಬೆಣ್ಣೆಯ ಹಾಗೆ ತಿರುಗುತ್ತದೆ. ಬೀರುವಿನಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದುದರಿಂದ ಕಣ್ಣಾರೆ ಕಂಡಿರಲಿಲ್ಲ ಅಷ್ಟೇ. ಮಾವ ಫೋನಿನಲ್ಲಿ ಎರಡು ಸಲ ಕೆಮ್ಮಿದರು. ಆಮೇಲೆ, "ನೋಡಿ, ಹಲ್ಲುಜ್ಜೋ ಬ್ರಷ್ಷು, ಕೆಲಸದ ಸಾಮಾನು, ಇವೆರಡನ್ನ ಇನ್ನೊಬ್ರಿಗೆ ಕೊಡಬಾರದು. ಅಳಿಯ ಆದ್ರೂ ಅಷ್ಟೇ" ಎಂದು ಇಟ್ಟುಬಿಟ್ಟರು.

ಅಲ್ಲಿಂದ ವಾರಕ್ಕೊಮ್ಮೆ ಮಗಳಿಗೆ ಫೋನ್. "ಶೆಲ್ಫು ಏರ್ತಾ?" ಮೂರನೆಯ ವಾರ ನನ್ನ ಹೆಂಡತಿ, ಅಪ್ಪನಿಗೆ ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳದವಳು, ನನ್ನ ಮಾನ ಕಾಯಲು "ಏರ್ತಪ್ಪ, ಚೆನ್ನಾಗಿ ಕೂತಿದೆ" ಎಂದಳು. ಹೇಳಿ ಫೋನ್ ಇಟ್ಟು ಕಣ್ಣು ಒರೆಸಿಕೊಂಡಳು. ನಾನು ಆ ಹೊತ್ತಿಗೆ ಪೇಪರಿನಲ್ಲಿ ಬಹಳ ಮುಖ್ಯವಾದ ಒಂದು ಜಾಹೀರಾತು ಓದುತ್ತಿದ್ದೆ.

ಹೋದ ಶನಿವಾರ ಸಂಜೆ ಮತ್ತೆ ಫೋನ್ ಬಂತು. ನಾಳೆ ಐದು ಗಂಟೆಗೆ ಮಾವ ಶೆಲ್ಫು ನೋಡಲು ಬರುತ್ತಾರೆ.

"ಈಗಲಾದ್ರೂ ಬಡಗಿಯನ್ನ ಕರೀರಿ" ಎಂದಳು ಹೆಂಡತಿ.

"ಹತ್ತು ನಿಮಿಷದ…"

"ನಾಳೆ ಐದು ಗಂಟೆಗೆ ನಡುಮನೆ ಗೋಡೆ ಖಾಲಿ ಕಂಡ್ರೆ ಅಪ್ಪನ ಎದುರು ಸುಳ್ಳಿ ಆಗೋದು ನಾನು. ನೀವಲ್ಲ. ಅದೊಂದು ನೆನಪಿಟ್ಕೊಳ್ಳಿ."



ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹಳೇ ಸಾಮಾನಿನ ಬಜಾರಿಗೆ ಓಡಿದೆ. ಹೊಸ ಡ್ರಿಲ್ ಯಾಕೆ ಕೊಳ್ಳಲಿಲ್ಲ ಎಂದು ಕೇಳಬಹುದು. ಹೊಸ ಡ್ರಿಲ್ ಹಿಡಿದವನನ್ನು ಕಂಡರೆ ಇವನು ಹೊಸಬ ಎಂದು ಎಳೆ ಮಗುವಿಗೂ ತಿಳಿಯುತ್ತದೆ. ಹಳೆಯದನ್ನು ಹಿಡಿದವನು ಪಳಗಿದ ಕೈ. 'ಇದು ಬಹಳ ವರ್ಷದಿಂದ ನನ್ನ ಹತ್ತಿರ ಇದೆ ಮಾವ' ಎಂದು ಹೇಳುವುದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಂಗಡಿಯವನು ಒಂದು ಡ್ರಿಲ್ ತೆಗೆದು ಮುಂದಿಟ್ಟ. ಭಾರಿ ಕಬ್ಬಿಣದ ಮೈ. ಹಿಡಿಕೆಗೆ ಕೆಂಪು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಾಮ್ರದ ತಂತಿ ಬಿಗಿದಿತ್ತು. ನೋಡಿದೊಡನೆ ನನಗೆ ಮನಸ್ಸಾಯಿತು.

"ಮೋಟಾರು ಕಲ್ಲಿದ್ದಂಗಿದೆ. ಚಕ್ ಒಂದು ಬಿಗಿ ಸಾರ್" ಎಂದ. ಚಕ್ ಅಂದರೆ ಡ್ರಿಲ್ಲಿನ ಮೂತಿ. ಅದರೊಳಗೆ ಮೂರು ಉಕ್ಕಿನ ಬೆರಳುಗಳಿದ್ದು ಗೋಡೆ ಕೊರೆಯುವ ಕಡ್ಡಿಯನ್ನು, ಅಂದರೆ ಬಿಟ್ಟನ್ನು, ಕಚ್ಚಿ ಹಿಡಿಯುತ್ತವೆ. ಆ ಬೆರಳುಗಳು ಅರ್ಧ ತೆರೆದು ಅಲ್ಲೇ ನಿಂತಿದ್ದವು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. "ತಂದುಕೊಟ್ಟ ಯಜಮಾನ್ರು ಬಹಳ ಶಿಸ್ತು. ಎಣ್ಣೆ ಹೇಗೆ ಹಾಕೋದು ಅಂತ ನನಗೇ ಅರ್ಧ ಗಂಟೆ ಪಾಠ ಮಾಡಿದ್ರು. ನೀವು ಚಕ್ ಬಿಚ್ಚಿ ಸೀಮೆಎಣ್ಣೇಲಿ ನೆನೆಸಿ, ಬ್ರಷ್ಷಲ್ಲಿ ತಿಕ್ಕಿ, ಕೀ ಹಾಕಿ ಮೂರೂ ತೂತಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿ, ಬಿಡುತ್ತೆ. ಒಳಗಿನ ಸ್ಕ್ರೂ ಮಾತ್ರ ಉಲ್ಟಾ. ಗೊತ್ತಲ್ಲ?"

"ಗೊತ್ತು ಗೊತ್ತು" ಎಂದೆ. ಪಳಗಿದ ಕೈಗೆ ಇದನ್ನೆಲ್ಲ ಹೇಳಿಕೊಡುತ್ತಾರೆಯೇ?

ಹತ್ತು ಗಂಟೆಗೆ ಮನೆ ಸೇರಿದೆ. ಹಳೇ ಡ್ರಿಲ್ ತಂದೆ, ಅದೂ ಕೆಟ್ಟದ್ದು, ಎಂದು ಹೆಂಡತಿಗೆ ತಿಳಿಯುವಂತಿರಲಿಲ್ಲ. ಡ್ರಿಲ್ಲನ್ನು ಅಂಗಿಯೊಳಗೆ ಇಟ್ಟುಕೊಂಡು ಎರಡೂ ಕೈಯಲ್ಲಿ ಅಪ್ಪಿದ್ದೆ. ಚಕ್ ತಿರುಗಿಸುವ ಕೀ ಜಾರಿ ಜಾರಿ ಬೀಳುತ್ತಿದ್ದುದರಿಂದ ಅದನ್ನು ಬಾಯೊಳಗೆ ಹಾಕಿ ಕೆನ್ನೆಗೆ ತಳ್ಳಿಕೊಂಡಿದ್ದೆ. ಬಾಗಿಲಲ್ಲೇ ಹೆಂಡತಿ ಎದುರಾದಳು.

"ಏನ್ರೀ ಇದು, ಬಲಗೆನ್ನೆ ಇಷ್ಟು ಊದಿದೆ?"

"ಹ್ಞೂಂ" ಎಂದೆ.

"ಹಲ್ಲು ನೋವಾ?"

ಬಾಯಲ್ಲಿ ಕಬ್ಬಿಣ ಇಟ್ಟುಕೊಂಡವನು ತಲೆಯಾಡಿಸುವುದಲ್ಲದೆ ಬೇರೆ ಏನು ಮಾಡಿಯಾನು? ತಲೆಯಾಡಿಸಿ ಸ್ನಾನದ ಮನೆಗೆ ಹೊಕ್ಕು ಚಿಲಕ ಹಾಕಿಕೊಂಡೆ. ಆ ತಲೆಯಾಡಿಸುವಿಕೆಗೆ ಸಂಜೆಯವರೆಗೂ ಬಡ್ಡಿ ಕಟ್ಟಿದೆ.

ಕೀಯನ್ನು ಚಕ್ಕಿಗೆ ಹಾಕಿ ತಿರುಗಿಸಿದೆ. ಕೂದಲೆಳೆಯಷ್ಟೂ ಜರುಗಲಿಲ್ಲ. ಡ್ರಿಲ್ಲನ್ನು ಎರಡು ಮಂಡಿಯ ನಡುವೆ ಸಿಕ್ಕಿಸಿ, ಹಲ್ಲು ಕಚ್ಚಿ, ಬಲವೆಲ್ಲ ಹಾಕಿ "ಆ… ಆಆ…" ಎಂದೆ. ಹೊರಗಿನಿಂದ ಹೆಂಡತಿ, "ಉಪ್ಪುನೀರು ಕಾಯಿಸ್ಲಾ?" ಎಂದಳು. ಬೇಸಿನ್ನಿನ ಮೇಲಿದ್ದ ಹಲ್ಲುಜ್ಜುವ ಬ್ರಷ್ಷು ತೆಗೆದು ಚಕ್ಕಿನ ಬಾಯಿ ತಿಕ್ಕತೊಡಗಿದೆ. ಕರಕರ ಎಂದು ಸದ್ದು. "ನೋಯೋ ಹಲ್ಲನ್ನ ಅಷ್ಟು ಉಜ್ಜಬೇಡ್ರೀ!" ಎಂದು ಬಾಗಿಲು ಬಡಿದಳು.

ಚಕ್ಕನ್ನು ಬಿಚ್ಚಲು ಕಟಿಂಗ್ ಪ್ಲೇಯರ್ ಬೇಕಿತ್ತು, ನೆನೆಸಲು ಸೀಮೆಎಣ್ಣೆ ಬೇಕಿತ್ತು. ಎದುರು ಮನೆಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರಿದ್ದಾರೆ. ಕಟ್ಟಡದಲ್ಲಿ ಒಂದು ಲೋಟ ಬಿದ್ದರೂ ನಾಲ್ಕು ಮಹಡಿಗೆ ಸುದ್ದಿ ಮುಟ್ಟಿಸುವುದರಿಂದ ಅವರನ್ನು ಟೆಲಿಗ್ರಾಂ ಎಂದೇ ಕರೆಯುತ್ತೇವೆ. ಹೆಂಡತಿ ನೋಡುತ್ತಿದ್ದುದರಿಂದ ಕೆನ್ನೆ ಹಿಡಿದುಕೊಂಡೇ ಅವರ ಬಾಗಿಲು ತಟ್ಟಿದೆ.

"ಕಟಿಂಗ್ ಪ್ಲೇಯರ್ ಇದ್ರೆ ಕೊಡಿ ಸಾರ್. ಹಾಗೇ ಅರ್ಧ ಲೋಟ ಸೀಮೆಎಣ್ಣೆ."

ಅವರು ನನ್ನ ಕೆನ್ನೆ ನೋಡಿದರು. ಹಿಂದೆ ನಿಂತಿದ್ದ ನನ್ನ ಹೆಂಡತಿ ಸದ್ದಿಲ್ಲದೆ ತನ್ನ ಹಲ್ಲು ಮುಟ್ಟಿ ತೋರಿಸಿದ್ದಳು ಎಂದು ನನಗೆ ಆಮೇಲೆ ತಿಳಿಯಿತು. ಟೆಲಿಗ್ರಾಂ ಎರಡನ್ನೂ ತಂದುಕೊಟ್ಟರು.

"ಧೈರ್ಯವಾಗಿರಿ" ಎಂದರು. "ನಮ್ಮ ಚಿಕ್ಕಪ್ಪನೂ ಹೀಗೇ ಹಟ ಮಾಡಿದ್ರು."

"ಗೆದ್ರಾ?"

"ಮೂರು ದಿನ ಬದುಕಿದ್ರು."

ಚಕ್ ಬಿಚ್ಚುವುದಕ್ಕೆ ಇದು ತುಸು ಹೆಚ್ಚಾಯಿತು ಅನ್ನಿಸಿತು. ಆದರೆ ಯೋಚಿಸಲು ಪುರುಸೊತ್ತಿರಲಿಲ್ಲ, ಗಂಟೆ ಹನ್ನೊಂದಾಗಿತ್ತು.

ಚಕ್ಕಿನ ಅರ್ಧ ತೆರೆದ ಬಾಯೊಳಗೆ, ಆಳದಲ್ಲಿ, ಒಂದು ಸ್ಕ್ರೂ ಕಾಣುತ್ತಿತ್ತು. ಲೋಕದ ಸ್ಕ್ರೂಗಳೆಲ್ಲ ಯಾವ ಕಡೆಗೆ ಬಿಚ್ಚುತ್ತವೆಯೋ ಆ ಕಡೆಗೆ ತಿರುಗಿಸಿದೆ. ಒಂದೂವರೆ ಗಂಟೆ ತಿರುಗಿಸಿದೆ. ಸ್ಕ್ರೂಡ್ರೈವರಿನ ಹಿಡಿಗೆ ಪ್ಲೇಯರ್ ಕಚ್ಚಿಸಿ ತಿರುಗಿಸಿದೆ. ನರಳಿದೆ, ಬೈದೆ, ಬೇಡಿಕೊಂಡೆ. "ಬಾರೋ, ಬಿಟ್ಟು ಬಾರೋ ಮಾರಾಯ" ಎಂದು ಅಂಗಲಾಚಿದೆ. ಅಂಗಡಿಯವನ 'ಉಲ್ಟಾ' ನೆನಪಾದದ್ದು ಹನ್ನೆರಡೂವರೆಗೆ. ಅಲ್ಲಿಯವರೆಗೆ ನಾನು ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ.

ಉಲ್ಟಾ ತಿರುಗಿಸಲು ಮತ್ತೆ ಮುಕ್ಕಾಲು ಗಂಟೆ. ಒಮ್ಮೆಲೇ 'ಟಕ್' ಎಂದು ಬಿಟ್ಟಿತು. ಖುಷಿಯಲ್ಲಿ "ಬಂತು!" ಎಂದು ಕೂಗಿದೆ. ಹೊರಗೆ ಏಳೆಂಟು ಗಂಟಲುಗಳು ಒಟ್ಟಿಗೆ "ಅಯ್ಯೋ!" ಎಂದವು.

ಗಾಬರಿಯಾಗಿ ಬಾಗಿಲು ಸಂದಿ ಮಾಡಿ ನೋಡಿದೆ. ನಡುಮನೆಯಲ್ಲಿ ಕಟ್ಟಡದ ಅರ್ಧ ಜನ ನೆರೆದಿದ್ದರು. ಟೆಲಿಗ್ರಾಂ ತಮ್ಮ ಕೆಲಸ ಮಾಡಿದ್ದರು. ಮುಂದೆ ನಿವಾಸಿಗಳ ಸಂಘದ ಕಾರ್ಯದರ್ಶಿ, ಕೈಯಲ್ಲಿ ದೂರಿನ ಪುಸ್ತಕ.

"ನಿಮ್ಮ ಸ್ನಾನದ ಮನೆಯಿಂದ ಸೀಮೆಎಣ್ಣೆ ವಾಸನೆ ಬರ್ತಿದೆ ಅಂತ ಮೂರು ದೂರು" ಎಂದರು. "ಅದೂ ಅಲ್ದೆ ಮನೆಯೊಳಗೆ ಶಸ್ತ್ರಚಿಕಿತ್ಸೆ ಮಾಡೋ ಹಾಗಿಲ್ಲ. ನಿಯಮ ಹದಿನೇಳು."

"ಅಂಥ ನಿಯಮ ಇದೆಯಾ?"

"ಇವತ್ತಿನಿಂದ ಇದೆ."

"ಹಲ್ಲು ಬಂತಾ ರೀ? ರಕ್ತ ಎಷ್ಟು ಹೋಯ್ತು?" ಎಂದು ಹೆಂಡತಿ ಅಳುವ ದನಿಯಲ್ಲಿ ಕೇಳಿದಳು. ಆಗ ನನಗೆ ಎಲ್ಲ ಹೊಳೆಯಿತು. ನಾನು ಸ್ನಾನದ ಮನೆಯಲ್ಲಿ ಕೂತು ಪ್ಲೇಯರಿನಿಂದ ನನ್ನ ಹಲ್ಲು ನಾನೇ ಕೀಳುತ್ತಿದ್ದೇನೆ, ಸೀಮೆಎಣ್ಣೆಯಿಂದ ಬಾಯಿ ತೊಳೆಯುತ್ತಿದ್ದೇನೆ! ನಿಜ ಹೇಳಲು ಬಾಯಿ ತೆರೆದೆ. ಕೆಟ್ಟ ಡ್ರಿಲ್ ತಂದು ಒಂದೂವರೆ ಗಂಟೆ ಅದರ ಮೂತಿಯನ್ನು ಬಿಗಿ ಮಾಡಿದ ಕಥೆಯನ್ನು ಇಷ್ಟು ಜನರ ಎದುರು ಹೇಳುವುದಕ್ಕಿಂತ ಹಲ್ಲು ನೋವೇ ಮರ್ಯಾದೆ ಅನ್ನಿಸಿತು.

"ಅರ್ಧ ಬಂದಿದೆ" ಎಂದು ಬಾಗಿಲು ಹಾಕಿಕೊಂಡೆ.

ಚಕ್ಕನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಕಾಯುತ್ತ ಕೂತೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಅಡಿಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು, ಬಾಗಿಲ ಸಂದಿಯಿಂದ ಬಂದದ್ದು ಮಾತ್ರ ಒಂದು ಲವಂಗ ಮತ್ತು ಉಪ್ಪುನೀರು. ಅದು ಒಂದೂವರೆಗೆ. ಎರಡಕ್ಕೆ ಇನ್ನೊಂದು ಲವಂಗ. ಎರಡೂವರೆಗೆ ಚಕ್ ಎತ್ತಿ ಕೀ ಹಾಕಿದೆ. ಒಂದಿಷ್ಟು ಜರುಗಿತು, ನಿಂತಿತು. ಬೆರಳುಗಳ ಸಂದಿಯಲ್ಲಿ ಡಾಂಬರಿನಂಥ ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿತ್ತು. ಯಾರೋ ವರ್ಷಗಟ್ಟಲೆ ಎಣ್ಣೆಯ ಮೇಲೆ ಎಣ್ಣೆ ಸುರಿದಿದ್ದರು. ಆ ಎಣ್ಣೆಗೆ ಗೋಡೆಯ ಧೂಳು ಅಂಟಿ ಅಂಟಿ ಕಲ್ಲಾಗಿತ್ತು. ಬ್ರಷ್ಷಿಗೆ ಬಗ್ಗುವ ಜಿಡ್ಡಲ್ಲ ಅದು, ತೆಳ್ಳಗಿನ ಉಕ್ಕಿನ ಕೊಕ್ಕೆಯೇ ಬೇಕಿತ್ತು.

ಮೂರೂವರೆಯ ಹೊತ್ತಿಗೆ ಕಾರ್ಯದರ್ಶಿಯೂ ಟೆಲಿಗ್ರಾಂ ಅವರೂ ಬಾಗಿಲು ಬಡಿದು, ನಾನು ತೆರೆದೊಡನೆ ರಟ್ಟೆ ಹಿಡಿದು, ಕೆಳಗಿನ ಮಹಡಿಯ ಹಲ್ಲಿನ ದವಾಖಾನೆಗೆ ಎಳೆದೊಯ್ದರು. ಭಾನುವಾರದ ರಜೆಯಲ್ಲಿ ಮಲಗಿದ್ದ ಡಾಕ್ಟರಮ್ಮನನ್ನು ಹೆಂಡತಿ ಆಗಲೇ ಎಬ್ಬಿಸಿ ತಂದಿದ್ದಳು.

"ಎಲ್ಲಿ ನೋವು?"

ಎಡಗೆನ್ನೆ ತೋರಿಸಿದೆ.

"ಬೆಳಿಗ್ಗೆ ಬಲಗಡೆ ಹಿಡ್ಕೊಂಡಿದ್ರಲ್ಲ?" ಎಂದರು ಟೆಲಿಗ್ರಾಂ.

"ಓಡಾಡ್ತಿದೆ" ಎಂದೆ.

ಡಾಕ್ಟರಮ್ಮ ತೆಳ್ಳಗಿನ ಉಕ್ಕಿನ ಕೊಕ್ಕೆಯೊಂದನ್ನು ತೆಗೆದರು. ಅದನ್ನು ಕಂಡು ನನ್ನ ಕಣ್ಣರಳಿತು. ಕೊಕ್ಕೆ ಕಂಡು ಇಷ್ಟು ಸಂತೋಷಪಟ್ಟ ರೋಗಿಯನ್ನು ಅವರು ಅದುವರೆಗೆ ಕಂಡಿರಲಿಲ್ಲ. ಬಾಯೆಲ್ಲ ತಡಕಿ, "ಅಬ್ಬಾ, ಈ ಮೂಲೆ ಹಲ್ಲು ಪೂರ್ತಿ ಹಾಳಾಗಿದೆ. ಇಷ್ಟು ದಿನ ಹೇಗೆ ತಡ್ಕೊಂಡ್ರಿ?" ಎಂದರು. ನೋವಿಲ್ಲದ ಹಲ್ಲಿಗೆ ನೋವಿನ ಸರ್ಟಿಫಿಕೇಟು ಸಿಕ್ಕಿತು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಸೂಜಿ ಒಳಗೆ ಹೋಗಿತ್ತು.

"ಹದಿನೈದು ನಿಮಿಷ ಕೂತಿರಿ. ಮರಗಟ್ಟಲಿ, ಆಮೇಲೆ ಕೀಳೋಣ" ಎಂದು ಕೈ ತೊಳೆಯಲು ಹೋದರು.

ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ. ನಾನು ತಟ್ಟೆಯಲ್ಲಿದ್ದ ಕೊಕ್ಕೆಯನ್ನು ಜೇಬಿಗಿಳಿಸಿ, "ಒಂದ್ ನಿಮಿಛ" ಎಂದು ಎದ್ದೆ. ಹೆಂಡತಿ ಎದ್ದು ನಿಲ್ಲುವಷ್ಟರಲ್ಲಿ ಮೆಟ್ಟಿಲು ಹತ್ತಿಯಾಗಿತ್ತು. ಮನೆಗೆ ನುಗ್ಗಿ ಮುಂಬಾಗಿಲ ಚಿಲಕ ಹಾಕಿಕೊಂಡೆ.

ಆ ಕೊಕ್ಕೆಯನ್ನು ಯಾರು ಕಂಡುಹಿಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ಬೆರಳುಗಳ ಸಂದಿಯಿಂದ ಕಪ್ಪು ಜಿಡ್ಡು ಸುರುಳಿ ಸುರುಳಿಯಾಗಿ ಬಂತು. ಮತ್ತೆ ಸೀಮೆಎಣ್ಣೆ, ಮತ್ತೆ ಬ್ರಷ್ಷು. ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಮೂರು ತೂತಿಗೂ ಸರದಿಯಲ್ಲಿ ಕೀ ಹಾಕಿದೆ. ಮೊದಲು ಕೂದಲೆಳೆ, ಆಮೇಲೆ ಕಾಲು ಸುತ್ತು, ಆಮೇಲೆ ಬೆರಳುಗಳು ಮೂರೂ ಒಟ್ಟಿಗೆ ಮುಚ್ಚಿದವು, ಒಟ್ಟಿಗೆ ತೆರೆದವು. ಮುಚ್ಚಿದೆ, ತೆರೆದೆ, ಮುಚ್ಚಿದೆ, ತೆರೆದೆ. ನನ್ನ ಕೈಯಿಂದ ಒಂದು ವಸ್ತು ರಿಪೇರಿಯಾದದ್ದು ಅದೇ ಮೊದಲು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ತುಟಿ ಮರಗಟ್ಟಿದ್ದರಿಂದ ಜೊಲ್ಲೂ ಬಂತು.

ಚಕ್ಕನ್ನು ಒರೆಸಿ, ಒಂದೇ ಒಂದು ಹನಿ ಎಣ್ಣೆ ಬಿಟ್ಟು, ಡ್ರಿಲ್ಲಿಗೆ ತೊಡಿಸಿ, ಉಲ್ಟಾ ಸ್ಕ್ರೂವನ್ನು ಉಲ್ಟಾ ಬಿಗಿದು, ಬಿಟ್ ಕಚ್ಚಿಸಿ, ನಡುಮನೆಯ ಗೋಡೆಯೆದುರು ಸ್ಟೂಲು ಹತ್ತಿದೆ. ಗಂಟೆ ನಾಲ್ಕೂ ಐವತ್ತು. ಗುಂಡಿ ಒತ್ತಿದೆ. ಡ್ರಿಲ್ಲು ಗುರ್ರೆಂದು ಗೋಡೆಗೆ ಹೊಕ್ಕಿತು.

ಹೊರಗೆ ಮೆಟ್ಟಿಲ ಮೇಲೆ ಟೆಲಿಗ್ರಾಂ ಕಿರುಚಿದರು: "ಡ್ರಿಲ್ಲು! ಹಲ್ಲಿಗೆ ಡ್ರಿಲ್ಲು ಹಾಕ್ಕೊಳ್ತಿದಾರೆ! ಗೋಡೆ ಕೊರಿಯೋ ಡ್ರಿಲ್ಲು!"

"ನಿಯಮ ಹದಿನೆಂಟು!" ಎಂದರು ಕಾರ್ಯದರ್ಶಿ.

"ನನ್ನ ಕೊಕ್ಕೆ!" ಎಂದರು ಡಾಕ್ಟರಮ್ಮ.

"ರೀ, ಬಾಗಿಲು ತೆಗೀರಿ! ಶೆಲ್ಫು ಹಾಳಾಗಿ ಹೋಗ್ಲಿ, ನೀವು ಬಾಗಿಲು ತೆಗೀರಿ!" ಎಂದು ನನ್ನ ಹೆಂಡತಿ ಅಳತೊಡಗಿದಳು. ನಾನು ಎರಡನೆಯ ತೂತು ಕೊರೆಯುತ್ತಿದ್ದೆ, ಅರ್ಧಕ್ಕೆ ನಿಲ್ಲಿಸುವಂತಿರಲಿಲ್ಲ. ತೂತಿಗೆ ಪ್ಲಗ್ ಹೊಡೆದೆ, ಸ್ಕ್ರೂ ಬಿಗಿದೆ, ಶೆಲ್ಫು ಎತ್ತಿ ತೂಗುಹಾಕಿದೆ. ಅದು ಕೂತಿತು. ಅದೇ ಕ್ಷಣಕ್ಕೆ ನಾಲ್ಕು ಭುಜಗಳ ಹೊಡೆತಕ್ಕೆ ಚಿಲಕ ಕಿತ್ತು ಬಂದು, ಜನ ಒಬ್ಬರ ಮೇಲೊಬ್ಬರು ಒಳಕ್ಕೆ ಬಿದ್ದರು.

ಸ್ಟೂಲಿನ ಮೇಲೆ ನಾನು. ಕೈಯಲ್ಲಿ ಡ್ರಿಲ್ಲು, ಗಲ್ಲದ ಮೇಲೆ ಜೊಲ್ಲು, ತಲೆಯ ಮೇಲೆ ಸುಣ್ಣದ ಧೂಳು, ಬಾಯಲ್ಲಿ ಎಲ್ಲ ಹಲ್ಲೂ. ಬಿದ್ದವರ ಹಿಂದೆ, ಬಾಗಿಲಲ್ಲಿ, ಒಗೆದ ಬಿಳಿ ಅಂಗಿ ತೊಟ್ಟು ಮಾವ ನಿಂತಿದ್ದರು. ಐದು ಗಂಟೆಗೆ ಸರಿಯಾಗಿ ಬಂದಿದ್ದರು.

ಹೆಂಡತಿಯ ಮುಖ ಬಿಳಿಚಿಕೊಂಡಿತು. ಎಂದೋ ಏರಿದೆ ಎಂದಿದ್ದ ಶೆಲ್ಫಿನ ಕೆಳಗೆ ಆಗಷ್ಟೇ ಉದುರಿದ ಧೂಳು ಗುಪ್ಪೆಯಾಗಿ ಬಿದ್ದಿತ್ತು.

"ಛ್ಕ್ರೂ ಛಡಿಲ ಆಗಿತ್ತು ಮಾವ" ಎಂದೆ. "ಬಿಗಿ ಮಾಡ್ತಿದ್ದೆ."

ಮಾವ ಧೂಳು ನೋಡಿದರು, ಮಗಳನ್ನು ನೋಡಿದರು, ಶೆಲ್ಫು ನೋಡಿದರು. ಕೊನೆಗೆ ನನ್ನ ಕೈಯಲ್ಲಿದ್ದ ಡ್ರಿಲ್ಲು ನೋಡಿದರು. ಬೈಗುಳಕ್ಕೆಂದು ತೆರೆದ ಅವರ ಬಾಯಿ ಹಾಗೇ ಮುಚ್ಚಿಕೊಂಡಿತು.

"ಹೌದು, ಸಡಿಲ ಆಗ್ತವೆ" ಎಂದರು. "ಎಲ್ಲರೂ ನಿಮ್ಮ ನಿಮ್ಮ ಮನೆಗೆ ಹೋಗಿ. ಮಗಳೇ, ನೀನು ಹೋಗಿ ಚಹಾ ಮಾಡು."

ಜನ ಬಾಗಿಲಾಚೆಗೆ ಸರಿದರು, ಆದರೆ ಹೋಗಲಿಲ್ಲ. ಮಾವ ಹತ್ತಿರ ಬಂದು ಕೀ ತೆಗೆದುಕೊಂಡು ಚಕ್ಕಿಗೆ ಹಾಕಿದರು. ಅದು ಎರಡು ಬೆರಳಿನ ಬಲಕ್ಕೇ ತಿರುಗಿತು. ಮುಚ್ಚಿದರು, ತೆರೆದರು. ಅವರ ಕೈ ಸಣ್ಣಗೆ ನಡುಗುತ್ತಿದ್ದುದನ್ನು ನಾನು ಅಂದು ಮೊದಲ ಸಲ ನೋಡಿದೆ.

"ಎಷ್ಟು ಹೊತ್ತು ಹಿಡೀತು?"

"ಏಳು ಗಂಟೆ."

"ನನಗೆ ಮೂರು ದಿನ ಆದ್ರೂ ಬರ್ಲಿಲ್ಲ" ಎಂದುಬಿಟ್ಟರು. ಎಂದವರು ತುಟಿ ಕಚ್ಚಿಕೊಂಡರು. ನನಗೆ ಅಂಗಡಿಯವನ ಶಿಸ್ತಿನ ಯಜಮಾನರು ನೆನಪಾದರು. ಬ್ರಷ್ಷಿನ ನೀತಿಪಾಠವೂ ನೆನಪಾಯಿತು. ಇಲ್ಲದ ಡ್ರಿಲ್ಲನ್ನು ಪಾಪ, ಅಳಿಯನಿಗೆ ಹೇಗೆ ಕೊಟ್ಟಾರು?

"ಬೆರಳಲ್ಲಿ ಹಿಡಿತ ಹೋಗಿದೆ ಅಳಿಯಂದ್ರೇ" ಎಂದು ಪಿಸುಗುಟ್ಟಿದರು. "ಇವಳಿಗೆ ಗೊತ್ತಾದ್ರೆ ಆಸ್ಪತ್ರೆ ಆಸ್ಪತ್ರೆ ಸುತ್ತಿಸ್ತಾಳೆ. ಅಂದ್ಹಾಗೆ, ಅದು ಯಾಕೆ ಬಿಗಿದಿತ್ತು?"

"ಎಣ್ಣೆ…"

"ಜಾಸ್ತಿ ಆಗಿತ್ತಾ?"

"ಛ್ವಲ್ಪ" ಎಂದೆ.

ಅವರು ತಲೆ ತಗ್ಗಿಸಿದರು. ಮೂವತ್ತೈದು ವರ್ಷದ ಫಿಟ್ಟರು ನನ್ನೆದುರು ಹಾಗೆ ನಿಂತದ್ದು ನನಗೆ ಹಿತವಾಗಲಿಲ್ಲ. ಇನ್ನೇನೋ ಹೇಳಬೇಕೆಂದುಕೊಂಡೆ, ಅಷ್ಟರಲ್ಲಿ ಹೆಂಡತಿ ಚಹಾದ ತಟ್ಟೆ ಹಿಡಿದು ಬಂದಳು. ಬಂದವಳು ಡ್ರಿಲ್ಲಿನ ಹಿಡಿಕೆ ನೋಡುತ್ತ ನಿಂತುಬಿಟ್ಟಳು.

"ಈ ಕೆಂಪು ಟ್ಯೂಬು…" ಎಂದಳು. "ಇದು ನನ್ನ ಹೈಸ್ಕೂಲ್ ಸೈಕಲ್ಲಿನ ಟ್ಯೂಬಲ್ವಾ? ಈ ತಂತಿ ನಾನೇ ಸುತ್ತಿದ್ದು. ಅಪ್ಪ, ಇದು ನಿನ್ನ ಡ್ರಿಲ್ಲು! ಬೀರುವಿನಲ್ಲಿದೆ, ನಿನ್ನೇನೂ ಎಣ್ಣೆ ಹಾಕ್ದೆ ಅಂತ ಫೋನಲ್ಲಿ ಹೇಳಿದ್ಯಲ್ಲ? ಇಲ್ಲಿಗೆ ಹೇಗೆ ಬಂತು?"

ಮಾವ ನನ್ನ ಮುಖ ನೋಡಿದರು. ನಾನು ಮಾವನ ಮುಖ ನೋಡಿದೆ. ಅವರ ಬಲಗೈ ನಿಧಾನವಾಗಿ ಮೇಲೆದ್ದು ಬಲಗೆನ್ನೆಯ ಮೇಲೆ ಕೂತಿತು.

"ಆಮೇಲೆ ಹೇಳ್ತೀನಮ್ಮ. ಹಲ್ಲು… ಹಲ್ಲು ಯಾಕೋ ಬಹಳ ನೋಯ್ತಿದೆ."

"ಡಾಕ್ಟ್ರೇ!" ಎಂದು ಹೆಂಡತಿ ಬಾಗಿಲ ಕಡೆ ಕೂಗಿದಳು. "ಬನ್ನಿ, ಇಲ್ಲಿ ಇನ್ನೊಬ್ರಿದ್ದಾರೆ!"

ಡಾಕ್ಟರಮ್ಮ ಬರುತ್ತಿದ್ದ ಹಾಗೆ ಮಾವನ ಕೈ ಗಾಬರಿಯಲ್ಲಿ ಎಡಗೆನ್ನೆಗೆ ಜಾರಿತು. ನಾನು ಅವರ ಕಿವಿಯ ಹತ್ತಿರ ಬಗ್ಗಿದೆ. ಇಷ್ಟು ವರ್ಷದಲ್ಲಿ ಮಾವನವರಿಗೆ ನಾನು ಒಂದು ಕೆಲಸ ಹೇಳಿಕೊಟ್ಟದ್ದು ಅದೇ ಮೊದಲು.

"ಒಂದೇ ಕಡೆ ಹಿಡ್ಕೊಳ್ಳಿ ಮಾವ" ಎಂದೆ. "ಛೂಜಿ ದೊಡ್ಡದಿದೆ."